ಕಲಬುರಗಿಯಲ್ಲಿ ಇತಿಹಾಸ ಓದಿ ಹೈಸ್ಕೂಲ್ ಮಾಸ್ತರ್ ಆದ ಬಗೆ

ಹೈಸ್ಕೂಲಿನಲ್ಲಿ ಇತಿಹಾಸ ಅಂತ ಬೇರೆ ವಿಷಯ ಇಲ್ಲ. ಇರುವುದು ಸಮಾಜ ವಿಜ್ಞಾನ. ಅದರೊಳಗೆ ಇತಿಹಾಸದ ಜೊತೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಬರುತ್ತವೆ. ಇವೆಲ್ಲವನ್ನೂ ಒಬ್ಬರೇ ಪಾಠ ಮಾಡಬೇಕು. ಮಾಸ್ತರ್ ಆಗಬೇಕು ಅಂತ ಇತಿಹಾಸ ತಗೊಳ್ಳುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಇದೇ.

ನಾನು ಬಿ.ಎ.ಗೆ ಕಲಬುರಗಿಯಲ್ಲೇ ಸೇರಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತಗೊಂಡೆ. ಭೂಗೋಳ ಇರಲಿಲ್ಲ. ಅದಕ್ಕೆ ಮೊದಲ ವರ್ಷದಲ್ಲೇ 8, 9, 10ನೇ ತರಗತಿಯ ಪಠ್ಯಪುಸ್ತಕಗಳನ್ನು ಹಾಸ್ಟೆಲ್ ರೂಮಿಗೆ ತಂದಿಟ್ಟುಕೊಂಡೆ. ಕಾಲೇಜಿನಲ್ಲಿ ಒಂದು ವಿಷಯ ನಡೆದ ದಿನ ಅದೇ ವಿಷಯ ಶಾಲೆಯ ಪುಸ್ತಕದಲ್ಲಿ ಹೇಗಿದೆ ಅಂತ ತೆರೆದು ನೋಡುತ್ತಿದ್ದೆ. ಡಿಗ್ರಿಯಲ್ಲಿ ಒಂದು ವಾರ ಕೇಳಿದ್ದು ಶಾಲೆಯ ಪುಸ್ತಕದಲ್ಲಿ ನಾಲ್ಕೇ ಸಾಲು ಇರುತ್ತದೆ. ಆ ನಾಲ್ಕು ಸಾಲಿನ ಹಿಂದೆ ಏನೇನಿದೆ ಅಂತ ಗೊತ್ತಿದ್ದರೆ ಪಾಠಕ್ಕೆ ಜೀವ ಬರುತ್ತದೆ. ಡಿಗ್ರಿ ನನಗೆ ಕೊಟ್ಟದ್ದು ಅದನ್ನೇ.

ಬಿ.ಎ. ಮುಗಿಸಿ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದೆ. ಹೈಸ್ಕೂಲಿಗೆ ಡಿಗ್ರಿ ಮತ್ತು ಬಿ.ಎಡ್. ಸಾಕು, ಎಂ.ಎ. ಬೇಕೇ ಬೇಕು ಅಂತಿಲ್ಲ. ಆದರೂ ಮಾಡಿದ್ದು ಒಳ್ಳೆಯದಾಯಿತು, ಯಾಕೆಂದರೆ ಆಧಾರಗಳನ್ನು ಓದುವುದು ಅಲ್ಲಿ ರೂಢಿಯಾಯಿತು. ನೋಟ್ಸ್ ಬರೆಯುವಾಗ ಪುಟದ ಬಲಗಡೆ ಒಂದು ಗೆರೆ ಎಳೆದು, ‘ಇದು ಹೇಗೆ ಗೊತ್ತಾಯಿತು?’ ಅಂತ ಒಂದು ಕಾಲಂ ಮಾಡಿಕೊಂಡಿದ್ದೆ. ಶಾಸನವಾ, ನಾಣ್ಯವಾ, ಯಾರಾದರೂ ಪ್ರವಾಸಿ ಬರೆದದ್ದಾ? ಎಡಗಡೆ ಬರೆದ ಪ್ರತಿ ಸಂಗತಿಗೂ ಬಲಗಡೆ ಒಂದು ಉತ್ತರ ಇರಬೇಕು. ಇಲ್ಲದಿದ್ದರೆ ಮರುದಿನ ಸರ್ ಹತ್ತಿರ ಹೋಗಿ ಕೇಳಬೇಕು. ಇವತ್ತಿಗೂ ಪಾಠಕ್ಕೆ ತಯಾರಾಗುವಾಗ ಆ ನೋಟ್‌ಬುಕ್ಕುಗಳನ್ನೇ ತೆಗೆಯುತ್ತೇನೆ.

ಈ ರೀತಿ ಓದುವವರಿಗೆ ನಮ್ಮ ಸೀಮೆಯಂಥ ಜಾಗ ಇನ್ನೊಂದಿಲ್ಲ. ರಾಷ್ಟ್ರಕೂಟರ ಪಾಠ ನಡೆಯುವಾಗ ಸೇಡಂ ಬಸ್ ಹತ್ತಿ ಮಳಖೇಡದಲ್ಲಿ ಇಳಿದೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಅಂದರೆ ಅದೇ ಊರು. ಅರಬ್ ವ್ಯಾಪಾರಿ ಸುಲೇಮಾನ್ ಲೋಕದ ನಾಲ್ಕು ದೊಡ್ಡ ಅರಸರಲ್ಲಿ ಒಬ್ಬ ಅಂತ ಲೆಕ್ಕ ಹಾಕಿದ್ದು ರಾಷ್ಟ್ರಕೂಟ ಅರಸನನ್ನು. ಈಗ ಅಲ್ಲಿ ಕಾಗಿಣಾ ದಂಡೆಯ ಕೋಟೆ ಇದೆ. ರಾಷ್ಟ್ರಕೂಟರ ಅರಮನೆ ಎಲ್ಲಿ ಅಂತ ಹುಡುಕಿದರೆ ಕಣ್ಣಿಗೆ ಬೀಳುವುದಿಲ್ಲ. 972ರಲ್ಲಿ ಮಾಳ್ವದ ಪರಮಾರ ಅರಸ ಸೀಯಕ ಆ ಊರನ್ನು ಲೂಟಿ ಮಾಡಿದ. ಆಮೇಲೆ ಸಾವಿರ ವರ್ಷ ಜನ ಅಲ್ಲೇ ಮನೆ ಕಟ್ಟುತ್ತಾ, ಕೆಡವುತ್ತಾ, ಮತ್ತೆ ಕಟ್ಟುತ್ತಾ ಬಂದಿದ್ದಾರೆ. ‘ಅಷ್ಟು ದೊಡ್ಡ ರಾಜಧಾನಿ ಎಲ್ಲಿ ಹೋಯಿತು ಸರ್?’ ಅಂತ ಮಕ್ಕಳು ಕೇಳುವಂತೆ ಪಾಠ ಮಾಡಿದರೆ, ಆಮೇಲೆ ಶಾಸನಗಳ ಮಾತು ತೆಗೆಯುವುದು ಸುಲಭ.

ಎಂಟನೇ ತರಗತಿಯ ‘ಆಧಾರಗಳು’ ಪಾಠಕ್ಕೆ ನಾನು ಸನ್ನತಿಯನ್ನೇ ಹಿಡಿಯುತ್ತೇನೆ. ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಮೇಲಿನ ಊರು. ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರ ಕಂಡವು. ಓದಿ ನೋಡಿದರೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಅಶೋಕನ ಶಾಸನ! ಅದು 1986ರ ಮಾತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಜನ ಉಬ್ಬುಚಿತ್ರವೊಂದು ಸಿಕ್ಕಿತು. ಅದರ ಮೇಲೆ ‘ರಾಯ ಅಸೋಕೋ’, ಅಂದರೆ ರಾಜ ಅಶೋಕ, ಅಂತ ಬರೆದಿದೆ. ಪುಸ್ತಕದಲ್ಲಿ ಅಶೋಕ ಅಂದರೆ ಪಾಟಲಿಪುತ್ರ, ಕಳಿಂಗ. ಅವನ ಹೆಸರು ಕೊರೆದ ಕಲ್ಲು ನಮ್ಮ ಜಿಲ್ಲೆಯಲ್ಲೇ ಇದೆ ಅಂದಾಗ ಮಕ್ಕಳು ಕೂತಲ್ಲೇ ಮುಂದೆ ಬಗ್ಗುತ್ತಾರೆ. ಅದನ್ನು ನೋಡುವುದೇ ನನಗೆ ದೊಡ್ಡ ಸಂತೋಷ.

ಬಹಮನಿಗಳ ಪಾಠಕ್ಕೆ ಕಲಬುರಗಿ ಕೋಟೆಯೇ ಇದೆ. 1367ರ ಜಾಮಿಯಾ ಮಸೀದಿಯಲ್ಲಿ ಬೇರೆ ಕಡೆಯಂತೆ ತೆರೆದ ಅಂಗಳ ಇಲ್ಲ, ಪೂರ್ತಿ ಚಾವಣಿಯ ಕೆಳಗೇ ಇದೆ. ಮಕ್ಕಳಿಗೆ ಮೊದಲೇ ಹೇಳಬೇಡಿ. ನಾಲ್ಕೂ ಕಡೆ ತಿರುಗಾಡಲಿ, ಅವರೇ ಹೇಳುತ್ತಾರೆ.

ಬಿ.ಎಡ್. ಎರಡು ವರ್ಷದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೂಕ್ಷ್ಮ ಬೋಧನೆ, ಪಾಠ ಯೋಜನೆ, ಕಡತಗಳು, ಎಲ್ಲವೂ ಇದ್ದವು. ನಿಜವಾಗಿ ಕಲಿತದ್ದು ಶಾಲೆಯಲ್ಲಿ ಪಾಠ ಮಾಡುವ ಇಂಟರ್ನ್‌ಶಿಪ್‌ನಲ್ಲಿ. ಪುಸ್ತಕ ನೋಡದೆ ಬೋರ್ಡಿನ ಮೇಲೆ ಭಾರತದ ನಕ್ಷೆ ಬಿಡಿಸುವುದನ್ನು ಅಲ್ಲೇ ರೂಢಿ ಮಾಡಿಕೊಂಡೆ. ಸಮಾಜ ವಿಜ್ಞಾನದ ಮಾಸ್ತರಿಗೆ ಇದು ಬರಲೇಬೇಕು ಅಂತ ನನ್ನ ಅಭಿಪ್ರಾಯ.

ಪರೀಕ್ಷೆಗಳಲ್ಲಿ ಎರಡನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ 6ರಿಂದ 8ನೇ ತರಗತಿಗೆ ಪಾಠ ಮಾಡುವವರಿಗೆ. ಒಟ್ಟು 150 ಅಂಕ, ಅದರಲ್ಲಿ ಸಮಾಜ ವಿಜ್ಞಾನಕ್ಕೆ 60. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಹೈಸ್ಕೂಲ್ ನೇಮಕಾತಿಯ ಪರೀಕ್ಷೆ ಬೇರೆಯೇ. ಅಧಿಸೂಚನೆ ಬಂದಾಗ ಡಿಗ್ರಿಯ ಐಚ್ಛಿಕ ವಿಷಯಗಳ ನಿಯಮವನ್ನು ಮೊದಲು ಓದಿ. ನಮ್ಮ ಭಾಗದವರು 371(ಜೆ) ಪ್ರಮಾಣಪತ್ರವನ್ನು, ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ ಕಾಗದವನ್ನು, ಮುಂಚೆಯೇ ಮಾಡಿಸಿಟ್ಟುಕೊಳ್ಳಬೇಕು. ಅದನ್ನು ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಅರ್ಜಿಯ ಕೊನೆಯ ವಾರ ಅಲ್ಲಿ ಸಾಲು ಉದ್ದ ಇರುತ್ತದೆ.

ಇನ್ನು ನನ್ನ ಮನಸ್ಸಿಗೆ ಹತ್ತಿರವಾದ ಪಾಠದ ಮಾತು. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತು. ನಮಗೆ ಬರಲಿಲ್ಲ. ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂದು, ಪೊಲೀಸ್ ಕಾರ್ಯಾಚರಣೆ ಅಂತ ಕರೆಯುವ ಕಾರ್ಯಾಚರಣೆ ಶುರುವಾಗಿ 17ಕ್ಕೆ ನಿಜಾಮ ಶರಣಾದ. ಅದಕ್ಕೇ ನಾವು ಎರಡು ಸಲ ಬಾವುಟ ಏರಿಸುತ್ತೇವೆ. ಸೆಪ್ಟೆಂಬರ್ 17ಕ್ಕೆ ಶಾಲೆಯಲ್ಲಿ ಭಾಷಣ ಯಾರದು ಅಂದರೆ ಸಮಾಜ ವಿಜ್ಞಾನದ ಮಾಸ್ತರದೇ.

ಇದನ್ನು ಹೇಗೆ ಹೇಳಬೇಕು ಅಂತ ನಾನು ಎಂ.ಎ. ಓದುವಾಗಲೇ ಯೋಚಿಸಲು ಶುರು ಮಾಡಿದ್ದೆ. ನನ್ನ ತರಗತಿಯಲ್ಲಿ ಎಲ್ಲ ಮನೆಗಳ ಮಕ್ಕಳೂ ಇದ್ದಾರೆ. ಮನೆಯಲ್ಲಿ ಅಜ್ಜ ಅಜ್ಜಿಯರಿಂದ ಬೇರೆ ಬೇರೆ ಕಥೆ ಕೇಳಿ ಬಂದಿರುತ್ತಾರೆ. ರಜಾಕಾರರು, ಅಂದರೆ ನಿಜಾಮನ ಪರ ನಿಂತ ಖಾಸಗಿ ಪಡೆಯವರು, ಮಾಡಿದ ಹಿಂಸೆ ನಿಜ. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರಲ್ಲಿ ನಡೆದ ಹತ್ಯೆಗಳನ್ನು ಮುಚ್ಚಿಡುವಂತಿಲ್ಲ. ಕಾರ್ಯಾಚರಣೆ ಆದ ಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆಯೂ ಅಷ್ಟೇ ನಿಜ. ನೆಹರೂ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಹೆಸರನ್ನೂ ಬರೆದಿದೆ. ಎರಡನ್ನೂ ಒಂದೇ ಪಾಠದಲ್ಲಿ, ಒಂದೇ ದನಿಯಲ್ಲಿ ಹೇಳುತ್ತೇನೆ. ಜೊತೆಗೆ ಶೋಯೆಬುಲ್ಲಾ ಖಾನ್ ಕಥೆ. ರಜಾಕಾರರ ವಿರುದ್ಧ ಬರೆದ ಉರ್ದು ಪತ್ರಿಕೆಯ ಸಂಪಾದಕ. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಅವರನ್ನು ಕೊಂದರು. ಇದು ಎರಡು ಧರ್ಮಗಳ ಜಗಳ ಅಂತ ಸುಮ್ನೆ ಹೇಳಿ ಮುಗಿಸುವವರಿಗೆ ಅವರ ಬದುಕೇ ಉತ್ತರ.

ಪಾಠ ಆದ ಮೇಲೆ ಮಕ್ಕಳು ಮನೆಯಲ್ಲಿ ಹಿರಿಯರನ್ನು ಕೇಳಿ ಬರೆದು ತರಬೇಕು. ಯಾರು ಹೇಳಿದರು, ಆಗ ಅವರ ವಯಸ್ಸೆಷ್ಟು, ಕಣ್ಣಾರೆ ಕಂಡದ್ದಾ ಕೇಳಿದ್ದಾ, ಈ ಮೂರನ್ನು ಮೇಲೆ ಬರೆಯಲೇಬೇಕು. ನಾನು ನೋಟ್ಸಿನ ಬಲಗಡೆ ಬರೆಯುತ್ತಿದ್ದದ್ದನ್ನೇ ಅವರಿಂದ ಮಾಡಿಸುತ್ತೇನೆ. ಆ ಕಾಲ ಕಂಡ ಹಿರಿಯರು ಈಗ ತುಂಬಾ ಕಡಿಮೆ. ಆದ್ದರಿಂದ ಇದನ್ನು ಯಾವ ವರ್ಷವೂ ಬಿಡುವುದಿಲ್ಲ.

ಈಗ ಡಿಗ್ರಿ ಓದುತ್ತಿರುವವರಿಗೆ ಒಂದು ಸಲಹೆ ಕೊಡುತ್ತೇನೆ, ಇದನ್ನು ಬೇರೆ ಯಾರೂ ಹೇಳಲಿಕ್ಕಿಲ್ಲ. ರಜೆಯಲ್ಲಿ ಉರ್ದು ಅಕ್ಷರ ಓದಲು ಕಲಿಯಿರಿ. ನಿಜಾಮನ ಕಾಲದಲ್ಲಿ ಇಲ್ಲಿಯ ಆಡಳಿತ ಉರ್ದುವಿನಲ್ಲಿತ್ತು. ಹೊಲದ ಕಾಗದ, ಶಾಲೆಯ ದಾಖಲೆ ಎಷ್ಟೋ ಮನೆಗಳ ಟ್ರಂಕಿನಲ್ಲಿ ಹಾಗೇ ಮಡಚಿ ಇವೆ. ನಾನು ಎಂ.ಎ. ಓದುವಾಗ ಹಾಸ್ಟೆಲಿನ ಗೆಳೆಯನಿಂದ ಸಂಜೆ ಹೊತ್ತು ಕಲಿತೆ. ಮಗು ಅಂಥ ಕಾಗದ ತಂದು ‘ಇದೇನು ಸರ್?’ ಅಂತ ಮುಂದೆ ಹಿಡಿದರೆ, ತಾರೀಖು, ಊರು, ಮುತ್ತಜ್ಜನ ಹೆಸರು ಇಷ್ಟನ್ನಾದರೂ ಓದಿ ಹೇಳಲು ನಿಮಗೆ ಬರಬೇಕು.