ಚಂದಕ್ಕೆ ಮಾಡಿಸಿದ ಆಪರೇಷನ್ ಕೆಟ್ಟರೆ ವಿಮೆ ಕೇಳುವುದು ಹೇಗೆ?

ಮೂಗು ತಿದ್ದಿಸಿಕೊಂಡ ಮೇಲೆ ಉಸಿರು ಕಟ್ಟುತ್ತದೆ. ಬೊಜ್ಜು ತೆಗೆಸಿದ ಜಾಗದಲ್ಲಿ ಕೀವು ನಿಲ್ಲುವುದೇ ಇಲ್ಲ. ಮಡಿಕೇರಿ, ವಿರಾಜಪೇಟೆ ಕಡೆಯವರು ಇಂಥ ಚಿಕಿತ್ಸೆಗೆ ಮೈಸೂರು, ಮಂಗಳೂರು, ಬೆಂಗಳೂರಿಗೆ ಹೋಗಿ ಬರುತ್ತಾರೆ. ತೊಂದರೆ ಕಾಣಿಸುವುದು ಊರಿಗೆ ಮರಳಿದ ಮೇಲೆ. ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯ ಖರ್ಚನ್ನು ಆರೋಗ್ಯ ವಿಮೆ ಕೊಡುತ್ತದೆಯೇ? ರೂಪಕ್ಕಾದರೆ ಇಲ್ಲ, ರೋಗಕ್ಕಾದರೆ ಕೇಳಬಹುದು. ಆದರೆ ಅದು ರೋಗ ಎಂಬುದು ಸರಿಪಡಿಸುವ ಆಪರೇಷನ್‌ಗೆ ಮೊದಲೇ ಕಾಗದದಲ್ಲಿ ದಾಖಲಾಗಿರಬೇಕು.

ಮೊದಲು ಪಾಲಿಸಿ ಓದಿ

ವಿಮೆ ಕೊಡದ ಖರ್ಚುಗಳ ಪಟ್ಟಿಯಲ್ಲಿ ‘ಎಕ್ಸ್‌ಕ್ಲ್ 08’ (Excl08) ಎಂಬ ಕಲಮು ಹುಡುಕಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಇದರ ಪದಗಳನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾಡಿತು. ರೂಪ ಬದಲಿಸುವ ಚಿಕಿತ್ಸೆಗೆ ಹಣವಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಗೆ ಉಂಟು. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವನ್ನು ತಪ್ಪಿಸಲು ಬೇಕಾದ ಚಿಕಿತ್ಸೆಗೂ ಉಂಟು, ಚಿಕಿತ್ಸೆ ಕೊಡುವ ವೈದ್ಯರು ಹಾಗೆಂದು ಪ್ರಮಾಣೀಕರಿಸಿದರೆ. ನಿಮ್ಮ ಕ್ಲೇಮು ನಿಲ್ಲುವುದು ಈ ಕೊನೆಯ ಮಾತಿನ ಮೇಲೆ.

ಅಲ್ಲಿಗೇ ನಿಲ್ಲಬೇಡಿ. ವಿಮೆಗೆ ಸೇರದ ಚಿಕಿತ್ಸೆಯಿಂದ ಹುಟ್ಟಿದ ತೊಡಕಿಗೂ ಹಣವಿಲ್ಲ ಎಂಬ ಸಾಲು ಬೇರೆಲ್ಲಾದರೂ ಇದೆಯೇ ನೋಡಿ. ಇದ್ದರೆ ದಾರಿ ಕಷ್ಟ. ತೊಂದರೆ ಶುರುವಾದ ಮೇಲೆ ಹೊಸ ಪಾಲಿಸಿ ಮಾಡಿಸಿದರೆ ಅದು ಮೊದಲೇ ಇದ್ದ ಕಾಯಿಲೆ ಎನಿಸುತ್ತದೆ, 36 ತಿಂಗಳವರೆಗೆ ಕಾಯಿಸಬಹುದು.

ಹಳೆಯ ದಾಖಲೆ

ಮೊದಲ ಆಪರೇಷನ್ ಮಾಡಿದ ಕಡೆಯಿಂದ ಆಪರೇಷನ್ ಟಿಪ್ಪಣಿ, ಒಪ್ಪಿಗೆ ಪತ್ರ, ಡಿಸ್ಚಾರ್ಜ್ ಸಮ್ಮರಿ ಮತ್ತು ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಕೃತಕ ವಸ್ತು) ಇಟ್ಟಿದ್ದರೆ ಅದರ ಸ್ಟಿಕ್ಕರ್ ಕೇಳಿ. ಲಿಖಿತವಾಗಿ ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆ ಕೊಡಬೇಕೆಂದು ವೈದ್ಯಕೀಯ ನೀತಿ ನಿಯಮ ಹೇಳುತ್ತದೆ. ಅವರು ಇಟ್ಟುಕೊಳ್ಳಬೇಕಾದ ಅವಧಿ ಮೂರೇ ವರ್ಷ, ಹಾಗಾಗಿ ತಡಮಾಡಬೇಡಿ.

ಸಂಕೋಚದಿಂದ ಮೊದಲ ಚಿಕಿತ್ಸೆಯನ್ನು ಮುಚ್ಚಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಯದ ಗುರುತು, ಸ್ಕ್ಯಾನ್ ಎಲ್ಲವನ್ನೂ ಹೇಳಿಬಿಡುತ್ತವೆ. ಸಿಗಬಹುದಾಗಿದ್ದ ಹಣವೂ ಕೈತಪ್ಪುತ್ತದೆ.

ವೈದ್ಯರ ಪತ್ರ

ಹೆಚ್ಚಿನ ಕ್ಲೇಮು ಸೋಲುವುದು ಇಲ್ಲೇ. ‘ಮೂಗಿನ ಮರು ತಿದ್ದುಪಡಿ’ ಎಂದಷ್ಟೇ ಬರೆದರೆ ಕಂಪನಿಯವರು ಓದುವುದು ರೂಪ ಎಂದೇ. ‘ಒಳಗಿನ ಕವಾಟ ಕುಸಿದು ಬಲಹೊಳ್ಳೆ ಮುಚ್ಚಿದೆ, ಔಷಧದಿಂದ ಗುಣವಾಗಿಲ್ಲ, ಉಸಿರಾಟಕ್ಕೆ ಶಸ್ತ್ರಚಿಕಿತ್ಸೆ ಅಗತ್ಯ’ ಎಂಬಂತೆ ಅಂಗ, ತೊಂದರೆ, ಇದುವರೆಗಿನ ಚಿಕಿತ್ಸೆ, ಬಿಟ್ಟರೆ ಆಗುವ ಅಪಾಯ ನಾಲ್ಕೂ ಬರಬೇಕು. ಜೊತೆಗೆ ಸಾಕ್ಷಿ: ಮೂಗಿಗೆ ಎಂಡೋಸ್ಕೋಪಿ ಮತ್ತು ಸಿಟಿ ಸ್ಕ್ಯಾನ್, ಕೀವಿಗೆ ಅದರಲ್ಲಿರುವ ರೋಗಾಣು ಪತ್ತೆಮಾಡುವ ಕಲ್ಚರ್ ವರದಿ, ಒಡೆದ ಸ್ತನ ಇಂಪ್ಲಾಂಟ್‌ಗೆ ಎಂಆರ್‌ಐ, ಜೋತುಬಿದ್ದ ರೆಪ್ಪೆಗೆ ದೃಷ್ಟಿಕ್ಷೇತ್ರ ಪರೀಕ್ಷೆ. ತಾರೀಕು ಕಾಣುವ ಫೋಟೊಗಳೂ ಇರಲಿ.

ಒಂದೇ ಆಪರೇಷನ್‌ನಲ್ಲಿ ಉಸಿರಾಟವನ್ನೂ ಆಕಾರವನ್ನೂ ಸರಿಮಾಡುವುದಾದರೆ ಅಂದಾಜು ಪಟ್ಟಿ, ಬಿಲ್ಲು ಎರಡನ್ನೂ ಬೇರೆ ಬೇರೆ ಮಾಡಿಸಿ. ಒಟ್ಟಿಗೆ ಬರೆದರೆ ಇಡೀ ಮೊತ್ತ ತಿರಸ್ಕಾರವಾಗುವ ಭಯವಿದೆ.

ಫಿಲ್ಲರ್ (ಚರ್ಮದಡಿ ತುಂಬುವ ಜೆಲ್‌ನಂಥ ವಸ್ತು) ಚುಚ್ಚಿಸಿಕೊಂಡ ಮೇಲೆ ಚರ್ಮ ಬೆಳ್ಳಗಾದರೆ, ತೀವ್ರ ನೋವು ಬಂದರೆ ಅಥವಾ ಕಣ್ಣು ಮಂಜಾದರೆ ಮಾತ್ರ ಕಾಗದಕ್ಕೆ ಕಾಯಬೇಡಿ. ರಕ್ತನಾಳ ಕಟ್ಟಿರಬಹುದು, ಗಂಟೆಗಳ ಲೆಕ್ಕ. ಚುಚ್ಚಿದ ವೈದ್ಯರಿಗೆ ಫೋನ್ ಮಾಡುತ್ತಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ನಂಬಿ ಕೂರುವಂತಿಲ್ಲ.

ಅರ್ಜಿ

ಮೊದಲೇ ಗೊತ್ತುಮಾಡಿದ ಆಪರೇಷನ್ ಆದರೆ ಸಾಮಾನ್ಯವಾಗಿ 48 ಗಂಟೆ ಮುಂಚೆ, ತುರ್ತಾದರೆ ದಾಖಲಾದ 24 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ನಿಮ್ಮ ಪಾಲಿಸಿಯ ಅವಧಿಯನ್ನು ಒಮ್ಮೆ ನೋಡಿಕೊಳ್ಳಿ. ವಿಮಾ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ) ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯಲ್ಲಿ ಕಂಪನಿ ಉತ್ತರಿಸಬೇಕು. ಕ್ಯಾಶ್‌ಲೆಸ್ ಇಲ್ಲ ಎಂದ ಮಾತ್ರಕ್ಕೆ ಕ್ಲೇಮು ಮುಗಿಯಲಿಲ್ಲ. ಹಣ ಕಟ್ಟಿ ಬಂದು ಮೂಲ ಬಿಲ್ಲುಗಳೊಂದಿಗೆ ಮರುಪಾವತಿ ಕೇಳಬಹುದು.

ತಿರಸ್ಕರಿಸಿದರೆ

ಯಾವ ಕಲಮಿನಡಿ ತಿರಸ್ಕಾರ ಎಂದು ಲಿಖಿತವಾಗಿ ಪಡೆಯಿರಿ. ನಂತರ ಕಂಪನಿಯ ದೂರು ವಿಭಾಗಕ್ಕೆ ವೈದ್ಯರ ಪತ್ರ ಲಗತ್ತಿಸಿ ಬರೆಯಿರಿ. ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿದ್ದಾರೆ (ಇನ್ಶೂರೆನ್ಸ್ ಓಂಬುಡ್ಸ್‌ಮನ್). ಕಂಪನಿಯ ತಿರಸ್ಕಾರದಿಂದ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರೂ ಬೇಡ, 50 ಲಕ್ಷ ರೂಪಾಯಿವರೆಗೆ ಪರಿಹಾರ ಆದೇಶಿಸಬಹುದು. ಆದರೆ ಅದೇ ವಿಷಯ ಗ್ರಾಹಕರ ಆಯೋಗದಲ್ಲಿ ನಡೆಯುತ್ತಿದ್ದರೆ ಲೋಕಪಾಲರು ತೆಗೆದುಕೊಳ್ಳುವುದಿಲ್ಲ. ಮೊದಲು ಲೋಕಪಾಲ, ಆಮೇಲೆ ಆಯೋಗ ಎಂಬ ಕ್ರಮವೇ ಮೇಲು.

ಮೊದಲ ಆಪರೇಷನ್‌ನಲ್ಲೇ ನಿರ್ಲಕ್ಷ್ಯವಾಗಿದ್ದರೆ ಆ ಲೆಕ್ಕ ವಿಮೆಯದ್ದಲ್ಲ, ಆಸ್ಪತ್ರೆಯದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಬೆಂಗಳೂರಿನಲ್ಲಿ ಆದ ಆಪರೇಷನ್‌ಗೂ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ ಸಾಕು. ಗಡುವು ಎರಡು ವರ್ಷ. ಚಿಕಿತ್ಸೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.