ಪಲ್ಪ್ ಅರ್ಜಿಗೆ ನಾನು ಲೆಕ್ಕ ಹಾಕಿದ ಬಗೆ

ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಕಾಸ್ಟ್ ಅಕೌಂಟೆಂಟ್ ಆಗಿರುವ ನನಗೆ, ಆಮದಾಗುವ ಮರದ ಪಲ್ಪ್ (ಮರದ ನಾರಿನ ತಿರುಳು) ವಿರುದ್ಧ ಆ್ಯಂಟಿ ಡಂಪಿಂಗ್ ಅರ್ಜಿ, ಅಂದರೆ ಅನ್ಯಾಯವಾಗಿ ಅಗ್ಗಕ್ಕೆ ಬರುವ ಆಮದಿಗೆ ಹೆಚ್ಚುವರಿ ಸುಂಕ ಹಾಕಿ ಎಂಬ ಕೋರಿಕೆ, ಸಲ್ಲಿಸಬೇಕೆಂದಿದ್ದ ಪಲ್ಪ್ ಕಾರ್ಖಾನೆಯೊಂದರ ಲೆಕ್ಕಪತ್ರ ಸಿದ್ಧಪಡಿಸುವ ಕೆಲಸ ಬಂತು. ವಿದೇಶದ ಮಾರಾಟಗಾರ ತನ್ನ ದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ಇಲ್ಲಿಗೆ ಕಳುಹಿಸಿದ್ದಾನೆಂದು ತೋರಿಸಿದರಷ್ಟೇ ಸಾಲದು; ಅದರಿಂದ ನಮ್ಮ ಉದ್ಯಮಕ್ಕೆ ಹಾನಿಯಾಗಿದೆಯೆಂದೂ ದೆಹಲಿಯ ವಾಣಿಜ್ಯ ಪರಿಹಾರ ಮಹಾನಿರ್ದೇಶನಾಲಯಕ್ಕೆ ತೋರಿಸಬೇಕು.

ಮೊದಲ ಹೋಲಿಕೆಯಲ್ಲಿ ಆಮದು ಪಲ್ಪ್‌ನ ಬೆಲೆ ಕಾರ್ಖಾನೆಯ ಬೆಲೆಗಿಂತ ಹೆಚ್ಚೇನೂ ಕಡಿಮೆ ಕಾಣಲಿಲ್ಲ. ಎರಡು ದಿನ ಬಿಲ್ಲುಗಳನ್ನು ತಿರುವಿ ಹಾಕಿದ ಮೇಲೆ ಕಾರಣ ಸಿಕ್ಕಿತು: ಹೊರಗಿನವರ ಬೆಲೆ ಏರ್ ಡ್ರೈ ಟನ್‌ಗೆ, ಅಂದರೆ ಶೇ. 10ರಷ್ಟು ತೇವ ಮತ್ತು 900 ಕಿಲೊ ಒಣ ನಾರಿಗೆ ಲೆಕ್ಕವಾಗಿತ್ತು. ಕಾರ್ಖಾನೆಯದು ತೂಗಿದ ಟನ್. ಅಲ್ಲಿನ ಪಲ್ಪ್‌ನಲ್ಲಿ ಸುಮಾರು ಶೇ. 20 ತೇವವಿದ್ದುದರಿಂದ ಒಂದು ಟನ್ನಿನಲ್ಲಿ 800 ಕಿಲೊ ನಾರು ಮಾತ್ರ ಇತ್ತು. ಸರಿಪಡಿಸಿದಾಗ ನಮ್ಮ ಬೆಲೆ ಶೇ. 12.5 ಹೆಚ್ಚಾಯಿತು, ಆಮದಿನ ಅಗ್ಗತನ ನಿಚ್ಚಳವಾಯಿತು. ಇದನ್ನು ಪ್ರತಿ ಲಾಟ್‌ನ ಪ್ರಯೋಗಾಲಯ ವರದಿಯ ಆಧಾರದಲ್ಲೇ ಮಾಡಬೇಕು, ಅಂದಾಜಿನಲ್ಲಿ ಅಲ್ಲ.

ಹಾನಿಯ ವಿಷಯ ಇನ್ನೂ ಕಠಿಣ. ಬೇಸಿಗೆಯಲ್ಲಿ ನೀರಿಲ್ಲದೆ ಯಂತ್ರಗಳು ನಿಂತ ವಾರಗಳಿದ್ದವು; ಆ ನಷ್ಟ ಆಮದಿನಿಂದ ಆದದ್ದಲ್ಲ. "ಅದನ್ನು ನಾವೇ ಯಾಕೆ ಹೇಳಬೇಕು ಸಾರ್?" ಎಂದು ಅಲ್ಲಿನ ಲೆಕ್ಕ ವಿಭಾಗದವರು ಕೇಳಿದರು. ಕೆನಡಾದ ಪಲ್ಪ್‌ಗೆ ಚೀನಾ 2014ರಲ್ಲಿ ಹಾಕಿದ ಸುಂಕದ ಪ್ರಕರಣವನ್ನು ಅವರಿಗೆ ವಿವರಿಸಿದೆ: ಸ್ಥಳೀಯ ಉದ್ಯಮದ ಅತಿ ವಿಸ್ತರಣೆಯಂಥ ಬೇರೆ ಕಾರಣಗಳಿಂದಾದ ಹಾನಿಯನ್ನು ಪ್ರತ್ಯೇಕಿಸಲಿಲ್ಲವೆಂದು ವಿಶ್ವ ವಾಣಿಜ್ಯ ಸಂಸ್ಥೆಯ ಸಮಿತಿ 2017ರಲ್ಲಿ ಚೀನಾದ ನಿರ್ಣಯದಲ್ಲಿ ತಪ್ಪು ಕಂಡಿತ್ತು. ಮೇಲಾಗಿ, ಹಾನಿರಹಿತ ಬೆಲೆಯನ್ನು, ಅಂದರೆ ಸ್ಥಳೀಯ ಉದ್ಯಮಕ್ಕೆ ಹಾನಿಯಾಗದಂತೆ ಮಾರಬಹುದಾದ ಬೆಲೆಯನ್ನು, ಲೆಕ್ಕ ಹಾಕುವಾಗ ನಮ್ಮ ನಿಯಮಗಳು ಸಾಮರ್ಥ್ಯದ ಅತ್ಯುತ್ತಮ ಬಳಕೆಯನ್ನೇ ಹಿಡಿಯುತ್ತವೆ. ಹಾಗಾಗಿ ಯಂತ್ರ ನಿಂತದ್ದರಿಂದಾದ ಹೆಚ್ಚುವರಿ ವೆಚ್ಚ ಆ ಬೆಲೆಗೆ ಸೇರುವುದಿಲ್ಲ; ನಿಂತ ದಿನಗಳನ್ನು ಬಚ್ಚಿಟ್ಟರೂ ಪ್ರಯೋಜನವಿಲ್ಲ.

ವಿದೇಶಿ ಸರ್ಕಾರ ಅಲ್ಲಿನ ಮಾರಾಟಗಾರರಿಗೆ ಕೊಡುವ ಸಬ್ಸಿಡಿಯ ತನಿಖೆಗೂ ಅರ್ಜಿ ಹಾಕಬೇಕೆಂಬ ಆಸೆ ಕಾರ್ಖಾನೆಯ ಆಡಳಿತಕ್ಕಿತ್ತು. ಅದಕ್ಕೆ ಯಾವ ಸರ್ಕಾರದ ಯಾವ ಯೋಜನೆಯೆಂಬ ದಾಖಲೆ ಬೇಕು. ನಮ್ಮಲ್ಲಿರಲಿಲ್ಲವಾದ್ದರಿಂದ ಬಿಟ್ಟೆವು.

ಕೊನೆಗೆ ನೀರಿಲ್ಲದೆ ನಿಂತ ದಿನಗಳನ್ನು ತಿಂಗಳವಾರು ಪ್ರತ್ಯೇಕ ಪಟ್ಟಿಯಾಗಿ ಸೇರಿಸಿದೆ. ಎಲ್ಲರೂ ಓದಬಹುದಾದ ಪ್ರತಿಯಲ್ಲಿ ಕಾರ್ಖಾನೆಯ ಗುಟ್ಟು ಹೊರಬೀಳದಂತೆ ನಿಜವಾದ ಅಂಕಿಗಳ ಬದಲು ಮೊದಲ ವರ್ಷವನ್ನು 100 ಎಂದಿಟ್ಟು ಸೂಚ್ಯಂಕ ಕೊಟ್ಟೆ. ಆ ಪ್ರತಿಯಲ್ಲೂ ಆ ಪಟ್ಟಿಯನ್ನು ಉಳಿಸಿದೆ.