ಹನ್ನೊಂದು ಸಾವಿರ ಹಾಡು, ನಕ್ಷತ್ರಗಳ ಸಮೇತ ಹೊಸ ಲ್ಯಾಪ್‌ಟಾಪಿಗೆ

ಹಳೇ ಕಂಪ್ಯೂಟರಿನ ಹಾಡುಗಳನ್ನು ಪ್ಲೇಲಿಸ್ಟ್ ಸಮೇತ ಹೊಸ ಲ್ಯಾಪ್‌ಟಾಪಿಗೆ ತರಬಹುದೇ ಎಂದು ಕೇಳಿದ್ದೆ. "ಹಾಡು ಬರುತ್ತೆ ಸಾರ್, ಲಿಸ್ಟ್ ಬರಲ್ಲ. ಹೊಸದಾಗಿ ಮಾಡ್ಕೊಳ್ಳಿ." ಅಂಗಡಿಯವರು ಹೇಳಿದ್ದು ಇದನ್ನೇ, ಕಂಪ್ಯೂಟರ್ ಬಲ್ಲ ನಮ್ಮ ಭಾವ ಹೇಳಿದ್ದೂ ಇದನ್ನೇ. ಈಗ ಲಿಸ್ಟ್ ಬಂದಿದೆ. ರೇಟಿಂಗ್ (ನಾನು ಕೊಟ್ಟ ನಕ್ಷತ್ರ), ಪ್ಲೇಕೌಂಟ್ (ಎಷ್ಟು ಸಲ ಕೇಳಿದ್ದು ಎಂಬ ಲೆಕ್ಕ) ಎಲ್ಲಾ ಬಂದಿದೆ.

ನನ್ನ ಹಳೆಯದು ವಿಂಡೋಸ್ 7ರ ಡೆಸ್ಕ್‌ಟಾಪ್, ಹಾಡು ಕೇಳಲು ಐಟ್ಯೂನ್ಸ್ ಎಂಬ ಸಾಫ್ಟ್‌ವೇರ್. ಸುಮಾರು 11 ಸಾವಿರ ಹಾಡು, 80 ಜಿಬಿ ಚಿಲ್ಲರೆ. ಅದರಲ್ಲಿ ಆರೇಳು ನೂರು ಅಪ್ಪನ ಕ್ಯಾಸೆಟ್‌ಗಳಿಂದ ನಾನೇ ಕೂತು ಇಳಿಸಿಕೊಂಡದ್ದು: ಯಕ್ಷಗಾನ, ಹರಿಕಥೆ, ಭಾವಗೀತೆ. ಒಂದೊಂದನ್ನೂ ಕೇಳಿ ಹತ್ತು ವರ್ಷ ನಕ್ಷತ್ರ ಕೊಟ್ಟಿದ್ದೇನೆ. ಆ ನಕ್ಷತ್ರ ಹಾಡಿನ ಫೈಲಿನಲ್ಲಿ ಇರುವುದಿಲ್ಲ, ಐಟ್ಯೂನ್ಸ್ ಇಟ್ಟುಕೊಳ್ಳುವ ಪಟ್ಟಿಯಲ್ಲಿ, ಅಂದರೆ ಲೈಬ್ರರಿಯಲ್ಲಿ ಇರುತ್ತದೆ. ನನಗೆ ಬೇಕಿದ್ದದ್ದು ಅದು.

4,500 ರೂಪಾಯಿ ಕೊಟ್ಟು 1 ಟಿಬಿ ಹಾರ್ಡ್ ಡಿಸ್ಕ್ ತಂದೆ. ಮೊದಲ ಸಲ ಸುಮ್ನೆ ಫೋಲ್ಡರ್ ಸೇರಿಸಿದೆ. ಹಾಡು ಬಂತು, ನಕ್ಷತ್ರ ಒಂದೂ ಇಲ್ಲ. ಆಮೇಲೆ 1,800 ರೂಪಾಯಿಯ ಒಂದು ಸಾಫ್ಟ್‌ವೇರ್. ಎರಡು ಸಾವಿರ ಹಾಡಿಗೆ ನಿಂತುಹೋಯಿತು. ದುಡ್ಡು ವಾಪಸ್ ಬರಲಿಲ್ಲ.

ಮೂರನೇ ಸಲ ಎಕ್ಸ್‌ಎಂಎಲ್ ತಿದ್ದಿದೆ. ಅದು ಲೈಬ್ರರಿಯನ್ನೇ ನಾವು ಓದಬಲ್ಲಂತೆ ಬರೆದಿಟ್ಟ ಫೈಲು, ಪ್ರತಿ ಹಾಡು ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸವೂ ಅದರಲ್ಲಿರುತ್ತದೆ. ಐಟ್ಯೂನ್ಸ್ ನಿಜವಾಗಿ ಬಳಸುವ ಲೈಬ್ರರಿ ಫೈಲು ಐಟಿಎಲ್; ಅದನ್ನು ಖಾಲಿ ಮಾಡಿ, ತಿದ್ದಿದ ಎಕ್ಸ್‌ಎಂಎಲ್‌ನಿಂದ ಲೈಬ್ರರಿ ಮತ್ತೆ ಕಟ್ಟಿಸುವ ದಾರಿ. ನನ್ನ ಫೋಲ್ಡರಿನ ಹೆಸರು 'ಹಾಡುಗಳು'. ವಿಳಾಸ ಬದಲಿಸಲು ಅದನ್ನು ನೋಟ್‌ಪ್ಯಾಡಿನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ! ಅಲ್ಲಿ ಕನ್ನಡದ ಒಂದೊಂದು ಅಕ್ಷರವೂ, ಒಂದೊಂದು ಕಾಗುಣಿತದ ಗುರುತೂ ಮೂರು ಮೂರು ಶೇಕಡಾ ಚಿಹ್ನೆಗಳಾಗಿ ಕೂತಿರುತ್ತದೆ. ಅದನ್ನೂ ಬದಲಿಸಿದೆ. ಆದರೂ ಕ್ಯಾಸೆಟ್ ಹಾಡುಗಳಲ್ಲಿ ಅರ್ಧಕ್ಕರ್ಧ ಆಶ್ಚರ್ಯಸೂಚಕ ಚಿಹ್ನೆ ತೋರಿಸಿದವು, ಅಂದರೆ ಫೈಲ್ ಸಿಗುತ್ತಿಲ್ಲ.

ಎರಡು ರಾತ್ರಿ ತಲೆ ಕೆಡಿಸಿಕೊಂಡೆ. 'ಕಮಲ' ಎಂಬ ಹೆಸರಿನ ಫೈಲ್ ತೆರೆಯುತ್ತದೆ, 'ದೇವಿ' ತೆರೆಯುವುದಿಲ್ಲ. 'ರಾಮ' ಸರಿ, 'ಗೀತೆ' ಇಲ್ಲ. ಆಗ ಹೊಳೆಯಿತು. ಕ್ಯಾಸೆಟ್ ಫೋಲ್ಡರನ್ನು ತಮ್ಮನ ಹಳೇ ಮ್ಯಾಕ್‌ನಲ್ಲಿ ಜಿಪ್ ಮಾಡಿ ತಂದಿದ್ದೆ. ಅಲ್ಲಿ ಫೈಲ್ ಹೆಸರಿನ ೀ, ೇ, ೈ, ೊ, ೋ ಬಿಡಿಬಿಡಿ ಸಂಕೇತಗಳಾಗುತ್ತವೆ. ಕಣ್ಣಿಗೆ ಒಂದೇ, ವಿಂಡೋಸ್‌ಗೆ ಬೇರೆ ಹೆಸರು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಕಂಡುಕೊಂಡದ್ದು. ಇಂಥ ಹೆಸರುಗಳನ್ನು ಒಟ್ಟಿಗೆ ಸರಿಮಾಡಲು ಒಂದು ಸಾಲಿನ ಆಜ್ಞೆಯನ್ನೂ ಬರೆದುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೊನೆಗೆ ಎಕ್ಸ್‌ಎಂಎಲ್ ಸಹವಾಸವೇ ಬಿಟ್ಟೆ. ಹಾಡಿನ ವಿಳಾಸ ಬದಲಾದರೆ ತಾನೇ ತೊಂದರೆ? ವಿಳಾಸವನ್ನೇ ಹಾಗೇ ಉಳಿಸಿದೆ. ಹಳೆಯದರಲ್ಲಿ ಹಾಡು ಇದ್ದದ್ದು ಡಿ ಡ್ರೈವ್‌ನಲ್ಲಿ. ಹೊಸದರಲ್ಲಿ ಇದ್ದದ್ದು ಸಿ ಒಂದೇ. ಸಿಯನ್ನು ಕುಗ್ಗಿಸಿ 120 ಜಿಬಿಯ ಡಿ ಮಾಡಿದೆ. ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ಡಿ ಅಕ್ಷರವನ್ನು ಅದೇ ಹಿಡಿದುಕೊಂಡಿರುತ್ತದೆ, ಮೊದಲು ಅದನ್ನು ತೆಗೆಯಿರಿ. ಹಳೇ ಕಂಪ್ಯೂಟರಿನಲ್ಲಿ ಕನ್ಸಾಲಿಡೇಟ್ (ಚದುರಿದ ಹಾಡುಗಳನ್ನೆಲ್ಲ ಐಟ್ಯೂನ್ಸ್‌ನ ಒಂದೇ ಫೋಲ್ಡರಿಗೆ ತರುವುದು) ಮಾಡಿಕೊಂಡು, ಈ ಸಲ ಮ್ಯಾಕ್ ಮುಟ್ಟದೆ ನೇರವಾಗಿ ಹಾರ್ಡ್ ಡಿಸ್ಕಿಗೆ ಹಾಕಿದೆ. ಅಲ್ಲಿಂದ ಹೊಸ ಡಿಗೆ ರೋಬೊಕಾಪಿ (ವಿಂಡೋಸ್‌ನ ನಕಲು ಮಾಡುವ ಆಜ್ಞೆ), ಮುಕ್ಕಾಲು ಗಂಟೆ ಹಿಡಿದಿರಬೇಕು. ಐಟಿಎಲ್ ಇರುವ ಫೋಲ್ಡರ್ ಪೂರ್ತಿ ತಂದು, ಶಿಫ್ಟ್ ಒತ್ತಿ ಹಿಡಿದು ಐಟ್ಯೂನ್ಸ್ ತೆರೆದು ಅದನ್ನೇ ತೋರಿಸಿದೆ.

ಎರಡೇ ನಿಮಿಷ. ಪ್ಲೇಲಿಸ್ಟ್ ಎಲ್ಲಾ ಬಂದವು. ಅಪ್ಪ ದಿನಾ ಕೇಳುತ್ತಿದ್ದ ಹರಿಕಥೆಯ ಎದುರು ಪ್ಲೇಕೌಂಟ್ 212 ಹಾಗೇ ಇತ್ತು. ಭಾವನನ್ನು ಕರೆದು ತೋರಿಸಿದೆ.

ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ್ದ ಟ್ಯಾಗ್‌ಗಳು (ಹಾಡಿನ ಫೈಲಿನೊಳಗೆ ಬರೆದಿಟ್ಟ ಹೆಸರು, ಹಾಡಿದವರ ವಿವರ) ಮಾತ್ರ ಇನ್ನೂ ಅರ್ಥವಾಗದ ಅಕ್ಷರಗಳಾಗಿಯೇ ಇವೆ. ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ಇಟ್ಟುಕೊಂಡು ದಿನಕ್ಕೆ ಇಪ್ಪತ್ತರಂತೆ ತಿದ್ದುತ್ತಿದ್ದೇನೆ. ಹರಿಕಥೆ ಮುಗಿಯಿತು, ಯಕ್ಷಗಾನಕ್ಕೆ ಕೈ ಹಾಕಿದ್ದೇನೆ.